ಲಿಸ್ಪ್ ಕಂಪೈಲರೂ ಕೆದಂಬಾಡಿಯ ಪಂಪೂ

ನಾನು ಸುಮ್ಮನೆ ಮೂಲೆಯಲ್ಲಿ ಕೂತ್ರೂ ಎಂತಾದ್ರೂ ಒಂದು ಹುಡುಕಿಕೊಂಡು ಬಂದು ನನ್ನ ತಲೆ ಮೇಲೆಯೇ ಬೀಳುದು. ಬೇರೆಯವರಿಗೆ ಹೀಗೆ ಆಗುದಿಲ್ಲ, ನಾನು ಕೇಳಿ ನೋಡಿದ್ದೇನೆ. ಎಲ್ಲ ಹೇಳಿದ್ರೆ ನೀವು ನಂಬುದಿಲ್ಲ. ಮೊನ್ನೆ ಮೊನ್ನೆ ಆದದ್ದು ಮಾತ್ರ ಹೇಳ್ತೇನೆ.

೧. ಸಂಬಳ ಇಲ್ಲದ ಕೆಲಸ

ನಾನು ಏಳನೇ ಕ್ಲಾಸು ಫೇಲು. ಸುಳ್ಯದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವ. ಇಡೀ ತಾಲೂಕಿನಲ್ಲಿ ನನ್ನ ಹಾಗೆ ಕಾಯಿಲ್ ಸುತ್ತುವವ ಇರ್ಲಿಲ್ಲ, ಈಗಲೂ ಇಲ್ಲ. ಆಗ ಕಾಲೇಜಿನ ಒಬ್ಬರು ಮೇಷ್ಟ್ರು ಒಂದು ಹಳೆ ಕಂಪ್ಯೂಟರು ರಿಪೇರಿಗೆ ತಂದು ಇಟ್ಟು ಹೋದ್ರು, ಮತ್ತೆ ಬರ್ಲೇ ಇಲ್ಲ. ನಾನು ಸರಿ ಮಾಡಿ ಆನ್ ಮಾಡಿದೆ. ಅದರ ಒಳಗೆ ಇತ್ತು ಈ ಲಿಸ್ಪು.

ಲಿಸ್ಪ್ ಅಂದ್ರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಹಳೆ ಭಾಷೆ. ತಲೆಯಿಂದ ಕಾಲಿನ ವರೆಗೆ ಬರೀ ಬ್ರಾಕೆಟ್ಟು. ಒಂದು ತೆರೆದ್ರೆ ಒಂದು ಮುಚ್ಚಬೇಕು. ಕಾಯಿಲಿಗೂ ಹಾಗೇ ಅಲ್ವಾ, ಶುರುವಿನ ತುದಿ ಇದ್ರೆ ಕೊನೆಯ ತುದಿ ಇರಲೇಬೇಕು. ನನಗೆ ಅದರಲ್ಲಿ ಎಂತ ಕಷ್ಟ? ಆ ಭಾಷೆಯನ್ನು ಮೆಷಿನಿಗೆ ತಿಳಿಯುವ ಹಾಗೆ ಮಾಡಿ ಕೊಡುದು ಕಂಪೈಲರು. ಪುಕ್ಕಟೆ ಸಿಗುವ ಒಂದು ಆಪರೇಟಿಂಗ್ ಸಿಸ್ಟಮ್ ಉಂಟು, ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು. ಅದನ್ನು ನಡೆಸುದು ಊರೂರಿನ ಜನರ ಒಂದು ಸಂಘ. ಒಬ್ಬೊಬ್ಬನಿಗೆ ಒಂದೊಂದು ಪಾಲು. ಈ ಲಿಸ್ಪ್ ಕಂಪೈಲರು ನನ್ನ ಪಾಲು. ಅದನ್ನು ಕಾಲಕಾಲಕ್ಕೆ ರಿಪೇರಿ ಮಾಡಿ, ಪೊಟ್ಟಣ ಕಟ್ಟಿ, ನನ್ನ ಮೊಹರು ಹಾಕಿ ಕಳಿಸುದು. ಮೊಹರು ಅಂದ್ರೆ ಕಣ್ಣಿಗೆ ಕಾಣುವಂಥದ್ದಲ್ಲ, ಕಂಪ್ಯೂಟರಿನ ಒಳಗೆ ಹಾಕುವ ಲೆಕ್ಕದ ಮೊಹರು.

ಎಲ್ಲ ಸರಿ ಇತ್ತು. ಒಂದು ದಿನ ಸಂಘದಿಂದ ಮೇಲ್ ಬಂತು. ನಿಮ್ಮ ಮೊಹರು ಹಳೆಯದಾಯ್ತು, ಗಟ್ಟಿ ಸಾಲುದಿಲ್ಲ, ಹೊಸತು ಮಾಡಿ. ಅದಕ್ಕೆ ಸಂಘದ ಇಬ್ಬರು ಸದಸ್ಯರು ನಿಮ್ಮನ್ನು ಮುಖಕ್ಕೆ ಮುಖ ಕಂಡು, ಫೋಟೋ ಇರುವ ಕಾರ್ಡು ನೋಡಿ, ಇವರು ಇವರೇ ಹೌದು ಅಂತ ಸಹಿ ಹಾಕಬೇಕು. ಹೊಸ ವರ್ಷನ್ನಿಗೆ ಪೊಟ್ಟಣ ತಕ್ಕೊಳ್ಳುವ ಬಾಗಿಲು ಹಾಕುದರ ಒಳಗೆ ಆಗದಿದ್ರೆ ಕಂಪೈಲರು ಬೇರೆಯವರ ಕೈಗೆ.

ಅಂದಿನಿಂದ ನನಗೆ ಅನ್ನ ಇಳಿಯುದಿಲ್ಲ. ಹೆಂಡತಿ ಗ್ಯಾಸು ಅಂತ ಹೇಳಿ ಓಮದ ನೀರು ಕುಡಿಸಿದ್ಳು. ಸಂಜೆ ಕ್ಷೌರದ ಅಂಗಡಿಯಲ್ಲಿ ಕೂತು ಎಲ್ಲ ಹೇಳಿದೆ. ಕ್ಷೌರದವ ಕತ್ತರಿ ನಿಲ್ಲಿಸಿ ಸಂಬಳ ಎಷ್ಟು ಕೊಡ್ತಾರೆ ಅಂತ ಕೇಳಿದ. ಸಂಬಳ ಇಲ್ಲ ಅಂದೆ. ಪೆನ್ಶನ್? ಇಲ್ಲ. ದೀಪಾವಳಿಗೆ ಸ್ವೀಟ್ಸ್ ಬಾಕ್ಸು? ಅದೂ ಇಲ್ಲ.

ಅವ ಕನ್ನಡಿಯಲ್ಲಿ ನನ್ನ ಮುಖ ಸರಿಯಾಗಿ ನೋಡಿದ. "ಹಾಗಾದ್ರೆ ಕೆಲಸದಿಂದ ತೆಗೆದದ್ದು ನಿಮಗೆ ಗೊತ್ತಾಗುದು ಹೇಗೆ ಮಾರಾಯ್ರೆ?"

೨. ಎರಡು ಶಬ್ದ

ನನಗೆ ಇಂಗ್ಲಿಷು ಓದ್ಲಿಕ್ಕೆ ಬರ್ತದೆ, ನಿಧಾನ. ಬರೆಯುದು ಎರಡು ಶಬ್ದ. ಅಷ್ಟು ಸಾಕು. ಯಾರಾದ್ರೂ ದೂರು ಕೊಟ್ರೆ ನಾನು "ನಾಟ್ ಬಗ್" ಅಂತ ಬರೆಯುದು. ನಿಜವಾಗಿ ತಪ್ಪು ಇದ್ರೆ "ವಿಲ್ ಸೀ". ಅದಕ್ಕಿಂತ ಹೆಚ್ಚು ಮನುಷ್ಯನಿಗೆ ಎಂತ ಹೇಳ್ಲಿಕ್ಕೆ ಇರ್ತದೆ?

ಆ ಪರದೇಶದವರಿಗೆ ನನ್ನನ್ನು ಕಂಡ್ರೆ ಭಯ. ಯಾವುದೋ ದೊಡ್ಡ ಪ್ರೊಫೆಸರು, ಮಾತು ಕಮ್ಮಿ, ಸಿಟ್ಟು ಜಾಸ್ತಿ ಅಂತ ಅವರ ಲೆಕ್ಕ. ಒಬ್ಬ ಹೊಸಬ ನನಗೆ ಬರೆಯುವ ಮೊದಲು ಬೇರೆ ಇಬ್ಬರ ಹತ್ರ ಕೇಳಿದ್ದನಂತೆ, ಬೆಳಿಗ್ಗೆ ಬರೆದ್ರೆ ಒಳ್ಳೇದಾ ಸಂಜೆ ಬರೆದ್ರೆ ಒಳ್ಳೇದಾ ಅಂತ.

ಒಬ್ಬನಿಗೆ ಮಾತ್ರ ಭಯ ಇಲ್ಲ. ಹೆಸರು ಬರೆಯುದಿಲ್ಲ, ಎರಡು ಅಕ್ಷರ ಮಾತ್ರ. ನಾನು ಅವನಿಗೆ ಇಟ್ಟ ಹೆಸರು ಉದ್ದ ಕಾಗದದವ. ನಾನು ಒಂದು ಸ್ಕ್ರೂ ತಿರುಗಿಸಿದ್ರೆ ಅವ ಮೂರು ಪೇಜು ಬರೀತಾನೆ. ಕಂಪೈಲರನ್ನು ಇಡೀ ಬಿಚ್ಚಿ ಹೊಸ ನಮೂನೆಯಲ್ಲಿ ಕಟ್ಟಬೇಕು, ಅದರ ಲಾಭಗಳು ಇವು, ಕೆಳಗೆ ಕೊಟ್ಟಿದ್ದೇನೆ ಅಂತ. ನಾನು ಅದಕ್ಕೆ "ನೋ ನೀಡ್" ಅಂತ ಬರೆದೆ. ಅವ ನೀಡ್ ಯಾಕೆ ಉಂಟು ಅಂತ ಐದು ಪೇಜು ಬರೆದ. ಹೀಗೆ ವರ್ಷಗಟ್ಟಲೆ ನಡೀತು. ಅವ ಜರ್ಮನಿಯಲ್ಲಿ ಟೈ ಕಟ್ಟಿಕೊಂಡು ಕೂತಿದ್ದಾನೆ ಅಂತ ನನ್ನ ಮನಸ್ಸಿನಲ್ಲಿ ಒಂದು ಚಿತ್ರ ಇತ್ತು. ಟೈ ಕೆಂಪು.

ಸಂಘದವರ ಮೇಲ್ ಕೊನೆಯ ವರೆಗೆ ಓದಿರ್ಲಿಲ್ಲ, ಉದ್ದ ಇತ್ತು. ಎರಡು ದಿನ ಬಿಟ್ಟು ಓದಿದೆ. ನಿಮಗೆ ಆಗದಿದ್ರೆ ಕಂಪೈಲರನ್ನು ನೋಡಿಕೊಳ್ಳಲಿಕ್ಕೆ ಒಬ್ಬರು ತಯಾರಿದ್ದಾರೆ ಅಂತ ಅಡಿಯಲ್ಲಿ ಬರೆದಿತ್ತು. ಯಾರು? ಉದ್ದ ಕಾಗದದವ.

ಹೆಂಡತಿ ಮತ್ತೆ ಓಮದ ನೀರು ತಂದ್ಳು. ಈ ಸಲ ಕೇಳದೆಯೇ ಕುಡಿದೆ.

೩. ಅರ್ಧ ಕಾಯಿ

ಇದರ ನಡುವೆ ಮತ್ತೊಂದು. ಕಂಪೈಲರು ರೆಡಿ ಆದ ಮೇಲೆ ಅದನ್ನು ಪರೀಕ್ಷೆಗೆ ಓಡಿಸ್ಲಿಕ್ಕೆ ಉಂಟು. ನನ್ನ ಮೆಷಿನಿನಲ್ಲಿ ಅದು ಗಂಟೆಗಟ್ಟಲೆ ಓಡುದು. ಅದರ ವರದಿ ತನ್ನಷ್ಟಕ್ಕೆ ಸಂಘಕ್ಕೆ ಹೋಗ್ತದೆ, ಎಲ್ಲರೂ ನೋಡಬಹುದು. ದಿನಾ ಊಟಕ್ಕೆ ಸ್ವಲ್ಪ ಮೊದಲು ಅದೇ ಹೊತ್ತಿಗೆ ಪರೀಕ್ಷೆ ಫೇಲು. ಒಂದು ದಿನ ಅಲ್ಲ, ವಾರ ಇಡೀ. ಪರದೇಶದವರಿಗೆ ದೊಡ್ಡ ಆಶ್ಚರ್ಯ. ಗಡಿಯಾರದಲ್ಲಿ ದೋಷವಾ, ಮೆಮೊರಿಯಲ್ಲಿ ದೋಷವಾ ಅಂತ ಚರ್ಚೆಯೇ ಚರ್ಚೆ.

ನನಗೆ ಗೊತ್ತಿತ್ತು. ಹೆಂಡತಿ ಆ ಹೊತ್ತಿಗೆ ಸಾರಿಗೆ ತೆಂಗಿನಕಾಯಿ ಅರೆಯುದು. ಗ್ರೈಂಡರು ಶುರು ಆದ ಕೂಡ್ಲೇ ವೋಲ್ಟೇಜು ಕುಸಿದು ಮೆಷಿನು ಬಿದ್ದು ಬಿಡ್ತದೆ. ಸ್ವಲ್ಪ ತಡ ಮಾಡಿ ಅರಿ ಅಂತ ಹೇಳಿದೆ. "ನಿಮ್ಮ ಮೆಷಿನಿಗೆ ಹೇಳಿ ಸ್ವಲ್ಪ ತಡ ಮಾಡಿ ಬೀಳ್ಲಿಕ್ಕೆ" ಅಂದ್ಳು.

ಕಾರಣ ಎಂತ ಅಂತ ಸಂಘದವರು ನನ್ನನ್ನು ಕೇಳಿದ್ರು. ನಾನು ಸುಳ್ಳು ಹೇಳುವವ ಅಲ್ಲ. "ಕೊಕೊನಟ್" ಅಂತ ಬರೆದೆ. ಒಂದೇ ಶಬ್ದ.

ಅವರು ಎರಡು ದಿನ ಹುಡುಕಿದ್ರು. ಕೊಕೊನಟ್ ಅಂತ ಯಾವುದೋ ಹೊಸ ಸಾಫ್ಟ್‌ವೇರ್ ನನ್ನ ಮೆಷಿನಿಗೆ ಹೊಕ್ಕಿದೆ ಅಂತ ಅವರ ಗುಮಾನಿ. ಮತ್ತೆ ಬಹಳ ಮರ್ಯಾದೆಯಿಂದ ಕೇಳಿದ್ರು, ಕೊಕೊನಟ್ಟಿನ ವರ್ಷನ್ ಯಾವುದು ಅಂತ. ನಾನು ಅಡಿಗೆ ಕೋಣೆಗೆ ಹೋಗಿ ನೋಡಿ ಬಂದು "ಹಾಫ್" ಅಂತ ಬರೆದೆ.

ಅಷ್ಟು ಜನರಲ್ಲಿ ಒಬ್ಬನಿಗೆ ಮಾತ್ರ ಅರ್ಥ ಆಯ್ತು. ಉದ್ದ ಕಾಗದದವ, ತನ್ನ ಜನ್ಮದಲ್ಲಿ ಮೊದಲ ಸಲ, ಒಂದೇ ಗೆರೆ ಬರೆದ. ಒಂದು ಸ್ಟೆಬಿಲೈಸರ್ ಹಾಕಿ, ಇಲ್ಲದಿದ್ರೆ ಒಂದು ದಿನ ಸಾರು ಬಿಟ್ಟು ಗಂಜಿ ಉಣ್ಣಿ ಅಂತ. ಜರ್ಮನಿಯಲ್ಲಿ ಕೂತು ಅವನಿಗೆ ಇದು ಹೇಗೆ ಹೊಳೀತು ಅಂತ ನನಗೆ ಆಗ ತಲೆಗೆ ಹೋಗ್ಲಿಲ್ಲ. ಸಿಟ್ಟು ಮಾತ್ರ ಬಂತು. ಆ ಸಿಟ್ಟಿನಲ್ಲಿಯೇ ಒಂದು ದಿನ ಗಂಜಿ ಉಂಡೆ. ಪರೀಕ್ಷೆ ಪಾಸು.

೪. ಹಡಗು ಇಲ್ಲ

ಈಗ ಕಂಪೈಲರು ರೆಡಿ, ಮೊಹರು ಇಲ್ಲ. ಮದುಮಗಳು ಸೀರೆ ಉಟ್ಟು ಕೂತಿದ್ದಾಳೆ, ಪುರೋಹಿತರು ಬರ್ಲಿಲ್ಲ ಅಂದ ಹಾಗೆ.

ಸಂಘದಲ್ಲಿ ಒಂದು ಭೂಪಟ ಉಂಟು. ಪ್ರತಿ ಸದಸ್ಯ ತನ್ನ ಮನೆ ಎಲ್ಲಿ ಅಂತ ಅಕ್ಷಾಂಶ ರೇಖಾಂಶದ ಎರಡು ಸಂಖ್ಯೆ ಬರೆದು ಕೊಟ್ರೆ ಅಲ್ಲಿ ಒಂದು ಕೆಂಪು ಚುಕ್ಕೆ ಬರ್ತದೆ. ಹೆಸರು ಇಲ್ಲ, ಚುಕ್ಕೆ ಮಾತ್ರ. ನಾನು ಸೇರಿದ ವರ್ಷವೇ ಬರೆದು ಕೊಟ್ಟಿದ್ದೆ. ಇಡೀ ದಕ್ಷಿಣ ಕನ್ನಡದಲ್ಲಿ ಒಂದೇ ಚುಕ್ಕೆ, ಸುಳ್ಯದ ಹತ್ರ. ಸ್ವಲ್ಪ ಪುತ್ತೂರಿನ ಕಡೆ ಸರಿದಿತ್ತು. ಅಷ್ಟು ದೂರದಿಂದ ಗುರಿ ಇಡುವಾಗ ಅಷ್ಟು ಆಚೆ ಈಚೆ ಆಗ್ತದೆ ಅಂತ ನಾನು ಬಿಟ್ಟೆ. ಅದನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆಸಿ, ಲ್ಯಾಮಿನೇಶನ್ ಮಾಡಿಸಿ, ಚಾವಡಿಯಲ್ಲಿ ತೂಗಿ ಹಾಕಿದ್ದೆ. ಕಡಬದ ನನ್ನ ಭಾವ ಬಂದಾಗಲೆಲ್ಲ ಅದರ ಅಡಿಯಲ್ಲಿಯೇ ಕುರ್ಚಿ ಹಾಕಿ ಕೂರಿಸುದು. ಅವನಿಗೆ ಕಡಬ ತಾಲೂಕು ಆದದ್ದರ ಅಹಂಕಾರ ಜಾಸ್ತಿ. ನಾನು ಕೇಳುದು, ತಾಲೂಕು ಆದ್ರೆ ಎಂತ ಆಯ್ತು, ಚುಕ್ಕೆ ಉಂಟಾ?

ನನ್ನ ಹತ್ರ ಇರುವ ಸದಸ್ಯ ಯಾರು ಅಂತ ಸಂಘಕ್ಕೆ ಬರೆದೆ. ಅವರು ಭೂಪಟ ನೋಡಿ ಬಹಳ ಬೇಜಾರಿನಿಂದ ಉತ್ತರ ಕೊಟ್ರು. ನಿಮಗೆ ಎಲ್ಲರಿಗಿಂತ ಹತ್ರ ಇರುದು ನಾರ್ವೆ ದೇಶದ ಒಬ್ಬರು. ಆದ್ರೆ ಈಗ ಚಳಿಗಾಲ, ನೀವು ಇರುವಲ್ಲಿಗೆ ಹಡಗು ಬರುದು ಸಂಶಯ. ನಿಮ್ಮ ಆರೋಗ್ಯ ಜಾಗ್ರತೆ.

ನಾನು ಅಂಗಳಕ್ಕೆ ಬಂದು ನಿಂತೆ. ಬೆವರು ಸುರೀತಾ ಉಂಟು, ಫ್ಯಾನಿಗೆ ಕರೆಂಟು ಇಲ್ಲ. ಇವರಿಗೆ ತಲೆ ಕೆಟ್ಟಿದೆ ಅಂತ ಗ್ಯಾರಂಟಿ ಆಯ್ತು. ಭಾವನಿಗೆ ಹೇಳಿದ್ದು ದೊಡ್ಡ ತಪ್ಪು. ಅವ ಮರುದಿನ ಬರುವಾಗ ಒಂದು ಮಂಕಿ ಟೋಪಿ ತಂದು ಕೊಟ್ಟ.

೫. ಪೂಜೆ ಆದ ಚೀಟಿ

ಬಾಗಿಲು ಹಾಕುವ ದಿನ ಹತ್ರ ಬಂತು. ಆಗ ಕೇರಳದ ಒಬ್ಬಳು ಸದಸ್ಯೆ ತಾನಾಗಿಯೇ ಬರೆದ್ಳು. ಅತ್ತೆಯನ್ನು ಕರಕೊಂಡು ಸುಬ್ರಹ್ಮಣ್ಯಕ್ಕೆ ಆಶ್ಲೇಷ ಬಲಿ ಮಾಡಿಸ್ಲಿಕ್ಕೆ ಬರುದುಂಟು, ಇಂಡಿಯಾದಲ್ಲಿ ಯಾರಿಗಾದ್ರೂ ಸಹಿ ಬೇಕಾದ್ರೆ ಬನ್ನಿ ಅಂತ. ನನಗೆ ಕಣ್ಣಲ್ಲಿ ನೀರು ಬಂತು. ಅವಳ ಮೇಲಿಗೆ ಎರಡು ಶಬ್ದ ಬರೆದೆ, "ಕಮಿಂಗ್ ಸುಬ್ರಹ್ಮಣ್ಯ".

ಪೂಜೆ ಆದ ಕೂಡ್ಲೇ ಅವರ ಬಸ್ಸು ಹೊರಡ್ತದೆ, ಸಾಲಿನಲ್ಲಿಯೇ ಕೆಲಸ ಮುಗಿಸುವ ಅಂತ ಅವಳು. ಸರಿ. ಮೊಹರಿನ ಗುರ್ತಿಗೆ ಒಂದು ಉದ್ದದ ಸಂಖ್ಯೆ ಉಂಟು, ಅದನ್ನು ಎರಡು ಚೀಟಿಯಲ್ಲಿ ಬರೆದುಕೊಂಡೆ. ಒಂದು ಪಂಚೆಯ ಸೊಂಟದ ಮಡಿಕೆಯಲ್ಲಿ, ಒಂದು ಕಾರ್ಡಿನ ಜೊತೆ ಅಂಗಿ ಕಿಸೆಯಲ್ಲಿ. ಅಲ್ಲಿ ಗಂಡಸರು ಅಂಗಿ ತೆಗೆದೇ ಒಳಗೆ ಹೋಗಬೇಕು. ಆ ಗಡಿಬಿಡಿಯಲ್ಲಿ ಅಂಗಿ ಬಿಚ್ಚಿ ಗುರ್ತದ ಹೂವಿನ ಅಂಗಡಿಯಲ್ಲಿ ತೂಗಿ ಹಾಕಿ ಓಡಿದೆ. ಕಾರ್ಡೂ ಅಲ್ಲೇ ತೂಗಿತು.

ಒಳಗೆ ಅವಳು ಸಿಕ್ಕಿದ್ಳು. ಮಲಯಾಳ ನನಗೆ ಬರ್ತದೆ, ಮಾತಿಗೆ ತೊಂದರೆ ಇಲ್ಲ. ಚೀಟಿ ಕೊಟ್ಟೆ. ಅವಳು ಅದನ್ನೂ ಪೂಜೆಯ ರಶೀದಿಯನ್ನೂ ಒಂದೇ ಕೈಯಲ್ಲಿ ಹಿಡಿದಿದ್ಳು. ಹಿಂದಿನಿಂದ ಜನ ನೂಕಿದ ರಭಸಕ್ಕೆ ಎರಡನ್ನೂ ಹರಿವಾಣಕ್ಕೆ ಹಾಕಿ ಬಿಟ್ಟಳು. ಭಟ್ರು ರಶೀದಿ ಓದಿದ್ರು, ನನ್ನ ಚೀಟಿ ತಿರುಗಿಸಿ ಮುರುಗಿಸಿ ನೋಡಿದ್ರು. ಗೋತ್ರ ಇಲ್ಲ, ನಕ್ಷತ್ರ ಇಲ್ಲ. ಅವರಿಗೂ ಪುರುಸೊತ್ತಿಲ್ಲ. ಹೂ ಹಾಕಿ, ಗಂಧ ಹಾಕಿ, ಪ್ರಾರ್ಥನೆ ಮಾಡಿ ವಾಪಸ್ ಕೊಟ್ರು. ಸಂಖ್ಯೆಯ ಅರ್ಧ ಗಂಧದ ಅಡಿಯಲ್ಲಿ.

ಹೊರಗೆ ಬಂದು ಕಾರ್ಡು ಕೇಳಿದ್ಳು. ಅಂಗಿಯಲ್ಲಿ ಉಂಟು ಅಂದೆ. ಕಾರ್ಡು ಎಂತಕ್ಕೆ, ಇಲ್ಲಿ ಯಾರ ಹತ್ರ ಬೇಕಾದ್ರೂ ನನ್ನ ಗುರ್ತ ಕೇಳು ಅಂತಲೂ ಅಂದೆ. ಹೂವಿನವಳು ಹೌದು ಅಂದ್ಳು, ಬಸ್ಸಿನ ಕಂಡಕ್ಟರು ಹೌದು ಅಂದ, ಲಾಡ್ಜಿನವರು ನಮ್ಮ ಪಂಪು ಇವರೇ ಕಟ್ಟಿದ್ದು ಅಂದ್ರು. ಅವಳು ಎಲ್ಲರಿಗೂ ನಮಸ್ಕಾರ ಮಾಡಿ ಮತ್ತೆ ಕಾರ್ಡು ಕೇಳಿದ್ಳು. ಬಸ್ಸು ಹಾರ್ನ್ ಹೊಡೀತಾ ಉಂಟು. ನಾನು ಅಂಗಿಯಿಂದ ಕಾರ್ಡು, ಇನ್ನೊಂದು ಚೀಟಿ ತೆಗೆದು ಓಡಿ ಬಂದೆ. ಫೋಟೋ ನೋಡಿದ್ಳು, ನನ್ನನ್ನು ನೋಡಿದ್ಳು. ಮತ್ತೆ ಫೋಟೋ ನೋಡಿದ್ಳು.

"ಅಂಗಿ ಹಾಕಿ" ಅಂದ್ಳು.

ಹಾಕಿದೆ. ಈಗ ಸ್ವಲ್ಪ ಹೌದು ಅಂತ ಒಪ್ಪಿ, ಊರಿಗೆ ಮುಟ್ಟಿದ ಮೇಲೆ ಸಹಿ ಹಾಕಿ ಕಳಿಸ್ತೇನೆ ಅಂದ್ಳು. ಬಸ್ಸಿನ ಕಿಟಕಿಯಿಂದ ಅವಳ ಅತ್ತೆ ನನ್ನನ್ನು ಸಮಾಧಾನ ಮಾಡಿದ್ರು. "ಹೆದರಬೇಡಿ, ಇನ್ನು ನಿಮ್ಮ ಮೊಹರಿಗೆ ಸರ್ಪದೋಷ ಇಲ್ಲ."

೬. ನೋಡುವ

ಒಂದು ಸಹಿ ಆಯ್ತು. ಇನ್ನೊಂದು ಬೇಕು. ಬಾಗಿಲು ಹಾಕ್ಲಿಕ್ಕೆ ಒಂದು ವಾರವೂ ಇಲ್ಲ. ಕರೆದ್ರೆ ಕೇಳುದಿಲ್ಲ, ಕೂತ್ರೆ ಏಳುದಿಲ್ಲ ಅಂತ ಹೆಂಡತಿಯ ದೂರು. ಮಂಕಿ ಟೋಪಿ ಗೋಡೆಯ ಮೊಳೆಯಲ್ಲಿ ತೂಗ್ತಾ ಇತ್ತು, ಅದನ್ನು ತೆಗೆದು ಪೆಟ್ಟಿಗೆಗೆ ಹಾಕಿದೆ.

ಕೊನೆಗೆ ಮಾನ ಬಿಟ್ಟೆ. ಉದ್ದ ಕಾಗದದವನಿಗೇ ಬರೆದೆ. ನನ್ನ ಜೀವನದ ದೊಡ್ಡ ಕಾಗದ ಅದು, ನಾಲ್ಕು ಶಬ್ದ. ಒಂದು ಸಹಿ ಬೇಕು, ನೀನು ಎಲ್ಲಿದ್ದೀ ಅಂತ ಅದರ ಅರ್ಥ.

ಅವ ಬರೆದ, ನಾನು ರಜೆಯಲ್ಲಿ ಊರಿಗೆ ಬಂದಿದ್ದೇನೆ, ತೆಂಗಿನಕಾಯಿ ಅರೆಯುವ ನೀವು ಹಿಮದ ಸಮುದ್ರದಲ್ಲಿ ಹೇಗೆ ಅಂತ ಗೊತ್ತಿಲ್ಲ, ಸಂಘದವರು ಹಾಗೆ ಹೇಳ್ತಾರೆ, ಅಲ್ಲಿಗೆ ಬರ್ಲಿಕ್ಕೆ ಕಷ್ಟ. ಎಂತ ಹಿಮದ ಸಮುದ್ರ, ನಾನು ಸುಳ್ಯದವ, ಭೂಪಟದಲ್ಲಿ ಚುಕ್ಕೆ ಕಾಣುದಿಲ್ವಾ ಅಂತ ನಾಲ್ಕೇ ಶಬ್ದದಲ್ಲಿ ಕೇಳಿದೆ.

ಉತ್ತರ ಬಂತು, ಈ ಸಲ ಕನ್ನಡದಲ್ಲಿ. "ಸುಳ್ಯದ ಹತ್ರ ಇರುವ ಚುಕ್ಕೆ ನನ್ನದು. ಕೆದಂಬಾಡಿ. ನೀವು ಯಾರು ಮಾರಾಯ್ರೆ?"

ನಾನು ಎದ್ದು ಹೋಗಿ ಲ್ಯಾಮಿನೇಶನಿನ ಎದುರು ನಿಂತೆ. ಸಂಘದವರು ಆ ಎರಡು ಸಂಖ್ಯೆಯಲ್ಲಿ ಉತ್ತರದ್ದನ್ನು ಮೊದಲು ಕೇಳುದು, ಪೂರ್ವದ್ದನ್ನು ಮತ್ತೆ. ನಮಗೆ ಶಾಲೆಯಲ್ಲಿ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಬಾಯಿಪಾಠ ಮಾಡಿಸಿದ್ದು. ನಾನು ಕಲಿತ ಹಾಗೆ ಪೂರ್ವ ಮೊದಲು ಬರೆದೆ. ಅವರು ಅದನ್ನು ಉತ್ತರ ಅಂತ ಲೆಕ್ಕ ಹಾಕಿ ನನ್ನನ್ನು ಭೂಮಿಯ ತುದಿಯಲ್ಲಿ, ಮಂಜಿನ ನೀರಿನ ನಡುವೆ ಕೂರಿಸಿದ್ದಾರೆ. ತಪ್ಪು ಅವರದ್ದೇ. ಪೂರ್ವ ಬಿಟ್ಟು ಉತ್ತರದಿಂದ ಶುರು ಮಾಡುವವರನ್ನು ನೀವು ಎಲ್ಲಿಯಾದ್ರೂ ಕಂಡಿದ್ದೀರಾ? ಆದ್ರೂ, ಇಷ್ಟು ವರ್ಷ ಭಾವನಿಗೆ ತೋರಿಸಿದ್ದು ಆ ಶತ್ರುವಿನ ಚುಕ್ಕೆ.

ಮರುದಿನ ಬೆಳಿಗ್ಗೆಯೇ ಕಾರ್ಡು ಹಿಡಕೊಂಡು ಕೆದಂಬಾಡಿಗೆ ಹೋದೆ. ಅಂಗಿ ಹಾಕಿಕೊಂಡೇ ಹೋದೆ. ಟೈ ಇಲ್ಲ, ಲುಂಗಿ ಉಟ್ಟ ಒಬ್ಬ ಪ್ರಾಯದ ಬ್ಯಾರಿ, ಅಂದ್ರೆ ನಮ್ಮ ಕಡೆಯ ಮುಸ್ಲಿಮ, ಗೇಟಿನಲ್ಲಿ ನಿಂತಿದ್ದ. ಗಲ್ಫಿನಲ್ಲಿ ಕೆಲಸವಂತೆ. ನನ್ನನ್ನು ನೋಡಿ ಬಾಯಿ ತೆರೆದವ ಮುಚ್ಚಲಿಲ್ಲ.

"ಮೋಟರ್ ಅಣ್ಣ, ನೀವಾ?"

ನನ್ನ ಕಾರ್ಡಿನ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ನಾನು ಮೋಟರ್ ಅಣ್ಣ. ಅವ ಸಣ್ಣವ ಇರುವಾಗ ಅವನ ಅಪ್ಪನ ಜೊತೆ ನನ್ನ ಅಂಗಡಿಗೆ ಬಂದವನಂತೆ. ಒಳಗೆ ಕೂರಿಸಿದ. ಹಾಲು ಹಾಕದ ಸುಲೈಮಾನಿ ಚಾ ಬಂತು. ಅವ ಕಾರ್ಡು ನೋಡಿದ, ಚೀಟಿ ನೋಡಿದ, ಲ್ಯಾಪ್‌ಟಾಪು ತೆರೆದ. ಇನ್ನೇನು ಸಹಿ ಹಾಕಬೇಕು, ಆಗ ಒಳಗಿನಿಂದ ಅವನ ತಾಯಿ, ಅವ ಕರೆಯುದು ಉಮ್ಮ, ಯಾರು ಬಂದದ್ದು ಅಂತ ಕೇಳಿದ್ರು. ಸುಳ್ಯದ ಮೋಟರ್ ಅಣ್ಣ ಅಂದ ಇವ.

ಅವರು ಬಾಗಿಲಿನ ವರೆಗೆ ಬಂದು ನನ್ನನ್ನು ಸರಿಯಾಗಿ ನೋಡಿದ್ರು. ಮಗನಿಗೆ ಬ್ಯಾರಿ ಭಾಷೆಯಲ್ಲಿ ಹೇಳಿದ್ರು, ನನಗೆ ಅರ್ಥ ಆಗುದಿಲ್ಲ ಅಂತ ಅವರ ಲೆಕ್ಕ, ಮಲಯಾಳ ಬರುವವನಿಗೆ ಬ್ಯಾರಿ ಎಂತ ಕಷ್ಟ. ಇವರು ನಮ್ಮ ಬಾವಿಯ ಪಂಪು ಕಟ್ಟಿ ಕೊಟ್ಟವರು, ತಿಂಗಳೊಳಗೆ ಸುಟ್ಟಿತು. ಕೇಳ್ಲಿಕ್ಕೆ ಹೋದ್ರೆ ಇವರು ಹೇಳಿದ್ದು ಎರಡೇ ಶಬ್ದ, "ನಿಮ್ಮ ಕರೆಂಟು". ಅದು ಸರಿ ಆಗದೆ ಇವರ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಮಗನ ಕೈ ಅಲ್ಲಿಯೇ ನಿಂತಿತು. ಆ ಹೊತ್ತಿಗೆ ನನಗೆ ಕಂಪೈಲರು ಹೋಯ್ತು ಅಂತಲೇ ಆಯ್ತು. ಅವ ನಗಾಡ್ತಾ ಉಮ್ಮನಿಗೆ ಹೇಳಿದ, ಇವರು ಇಂಗ್ಲಿಷಿನಲ್ಲಿಯೂ ಹೀಗೇ, ನಾನು ಇಷ್ಟು ವರ್ಷ ಭಾಷೆ ಬರುದಿಲ್ಲ ಪಾಪ ಅಂತ ತಿಳಕೊಂಡಿದ್ದೆ.

ನಾನು ಎದ್ದು ಪಂಪು ಎಲ್ಲಿ ಅಂತ ಕೇಳಿದೆ. ಸುಟ್ಟದ್ದನ್ನು ಅವರು ಕೊಟ್ಟಿಗೆಯಲ್ಲಿ ಹಾಗೇ ಇಟ್ಟಿದ್ರು, ನನಗೆ ತೋರಿಸ್ಲಿಕ್ಕೆ ಅಂತಲೇ ಇಟ್ಟದ್ದೋ ಏನೋ. ಬಿಚ್ಚಿ ನೋಡಿದೆ. ಅವರ ಕರೆಂಟಿನದ್ದೇ ದೋಷ, ನಾನು ಅಂದೇ ಹೇಳಿದ್ದೆ. ಆದ್ರೆ ಬಾಯಿ ಮುಚ್ಚಿ ಅಂಗಡಿಯಿಂದ ತಂತಿ ತರಿಸಿ ಅಲ್ಲೇ ಕೂತು ಸುತ್ತಿದೆ. ಸಂಜೆಗೆ ಬಾವಿಗೆ ಇಳಿಸಿ ಸ್ವಿಚ್ಚು ಹಾಕಿದೆ. ಮೊದಲು ಬರೀ ಗಾಳಿ ಬಂತು. ಮತ್ತೆ ಕೆಸರು. ಮತ್ತೆ ನೀರು.

ಅವನ ಉಮ್ಮ ಒಂದು ಕೊಡ ತುಂಬುವ ವರೆಗೆ ನಿಂತು ನೋಡಿ, ಸರಿ, ಹಾಕು ಅಂತ ಮಗನಿಗೆ ಕೈ ಮಾಡಿದ್ರು. ಅವ ಸಹಿ ಹಾಕಿದ. ಕೇರಳದವಳ ಸಹಿ ಮೊದಲೇ ಬಂದಿತ್ತು. ಮೊಹರು ಗಟ್ಟಿ ಆಯ್ತು, ಕಂಪೈಲರು ಹೊಸ ವರ್ಷನ್ನಿನಲ್ಲಿ ಉಂಟು, ನನ್ನ ಹೆಸರಿನಲ್ಲಿಯೇ ಉಂಟು. ಬೇಕಾದವರು ಹೋಗಿ ನೋಡಿ.

ಹೊರಡುವಾಗ ಕೋಳಿ ಸಾರು, ಅಕ್ಕಿ ರೊಟ್ಟಿಯ ಹಾಗಿನ ಪತ್ತಿರ್ ತಿನ್ನಿಸಿಯೇ ಬಿಟ್ರು. ಎಷ್ಟೋ ದಿನದಿಂದ ಇಳಿಯದ್ದು ಅವತ್ತು ಇಳೀತು. ಗೇಟಿನ ಹತ್ರ ಅವ ಮೆಲ್ಲ ಕೇಳಿದ, "ಅಣ್ಣ, ಕಂಪೈಲರನ್ನು ಹೊಸ ನಮೂನೆಯಲ್ಲಿ ಕಟ್ಟುವ ಬಗ್ಗೆ ನಾನು ಅಷ್ಟು ವರ್ಷ ಬರೆದದ್ದು. ಈಗಾದ್ರೂ ಎಂತ ಹೇಳ್ತೀರಿ?"

ಅವನ ಕೋಳಿ ಹೊಟ್ಟೆಯಲ್ಲಿ ಉಂಟು, ಅವನ ಸಹಿ ಮೊಹರಿನಲ್ಲಿ ಉಂಟು. ಇಲ್ಲ ಅಂತ ಹೇಳುದು ಹೇಗೆ?

"ನೋಡುವ" ಅಂದೆ.

ಒಳಗಿನಿಂದ ಉಮ್ಮನ ಸ್ವರ ಬಂತು. "ಪಂಪು ರಿಪೇರಿಗೆ ಕೊಟ್ಟ ದಿನವೂ ಹೀಗೇ ಹೇಳಿದ್ದು."